ವಾರಗಿತ್ತಿಯರ ಮಾತ್ರೆ ಡಬ್ಬಿ

ದಪ್ಪಗಿರುವವರ ಹೃದಯಕ್ಕೆಂದು ಅಗ್ಗದ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದ ತಂಡದಲ್ಲಿ ನನಗೆ ಶ್ರೀನಿವಾಸಪುರದ ಹಳ್ಳಿಗಳನ್ನು ಸುತ್ತುವ ಕೆಲಸವಿತ್ತು. ನಾನೇ ದಪ್ಪಗಿದ್ದುದರಿಂದ ಜನ ಬೇಗ ನಂಬುತ್ತಿದ್ದರು. ಒಂದೇ ಮನೆಯ ಇಬ್ಬರು ವಾರಗಿತ್ತಿಯರು ಪರೀಕ್ಷೆಗೆ ಸೇರಿಕೊಂಡರು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಔಷಧಿಯೇ ಇಲ್ಲದ ಮಾತ್ರೆ ಸಿಗುತ್ತದೆಂದು ಮೊದಲೇ ಹೇಳಿ, ಇಬ್ಬರಿಗೂ ಒಂದೊಂದು ಡಬ್ಬಿ ಕೊಟ್ಟೆ.

ಮುಂದಿನ ತಿಂಗಳು ಹೋದಾಗ ಒಂದೇ ಡಬ್ಬಿ ತಂದಿಟ್ಟರು.

“ಇನ್ನೊಂದೆಲ್ಲಮ್ಮಾ?”

“ಎರಡೂ ಬೆರೆಸಿಬಿಟ್ವಿ ಕಣಮ್ಮ,” ಎಂದರು ಹಿರಿಯಾಕೆ. “ಇವಳಿಗೆ ಅಸಲಿ, ನನಗೆ ಡೂಪ್ಲಿಕೇಟ್ ಬಂದಿದ್ರೆ?”

“ಅಕ್ಕಂಗೇ ಅಸಲಿ ಬಂದಿದ್ರೆ ನಾನು ಸುಮ್ನಿರ್ಬೇಕಾ?” ಎಂದರು ಕಿರಿಯಾಕೆ.

ಒಲೆ, ನಲ್ಲಿ, ಟೀವಿ ಯಾವುದರಲ್ಲೂ ಹೊಂದಿಕೊಳ್ಳದವರು ನಮ್ಮ ಸಂಶೋಧನೆಯನ್ನು ಹಾಳುಮಾಡಲು ಮಾತ್ರ ಒಂದಾಗಿದ್ದರು.

ತಂಡದ ಡಾಕ್ಟರಿಗೆ ಫೋನ್ ಮಾಡಿದೆ. ಇಬ್ಬರನ್ನೂ ಕೈಬಿಡಿ ಎಂದರು. ಅದನ್ನು ತಿಳಿಸಿದಾಗ ಹಿರಿಯಾಕೆ, “ಹೋಗ್ಲಿ, ಅಸಲಿ ಯಾರ್ದಿತ್ತು, ಅದನ್ನಾದ್ರೂ ಹೇಳಮ್ಮ,” ಎಂದರು.

“ಪರೀಕ್ಷೆ ಮುಗಿಯುವವರೆಗೆ ಅದು ಗುಟ್ಟು. ನನಗೂ ಗೊತ್ತಿಲ್ಲ, ನಮ್ಮ ಡಾಕ್ಟರಿಗೂ ಗೊತ್ತಿಲ್ಲ.”

“ಅಯ್ಯೋ ದೇವುಡಾ! ಯಾರಿಗೂ ಗೊತ್ತಿಲ್ದಿರೋ ಮಾತ್ರೆನಾ ನಾವು ನುಂಗಿದ್ದು?”

ಇಬ್ಬರೂ ಸೇರಿ ನನ್ನನ್ನು ಚೆನ್ನಾಗಿ ಬೈದರು. ಬೈಯುತ್ತಲೇ ತಟ್ಟೆಗೆ ಒಬ್ಬಟ್ಟು ಹಾಕಿ, ತುಪ್ಪ ಸುರಿದರು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸೂ ಇರಲಿಲ್ಲ.