ಗೋಡೆಯ ಮೇಲೆ ನಾನು ಬರೆದ ಎರಡಕ್ಷರ

ಇದನ್ನು ಬರೆಯಲು ಕೂತು ಮತ್ತೆ ಎದ್ದುಹೋದದ್ದು ಎಷ್ಟು ಸಲವೋ. ಕಣ್ಣಿಗೆ ಪೊರೆ ಬಂದಿದೆ, ಕೈ ನಡುಗುತ್ತದೆ, ಈಗ ಯಾರಿಗೆ ಬೇಕು ಎಂದು ಏನೋ ಒಂದು ನೆವ ಸಿಗುತ್ತಿತ್ತು. ಖರೇ ಹೇಳಬೇಕೆಂದರೆ, ಆ ಗೋಡೆಯ ಚೆಲುವನ್ನು ಹೇಳಹೊರಟರೆ ನಾನು ಅದಕ್ಕೆ ಮಾಡಿದ್ದನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಮುಂದೂಡುತ್ತ ಬಂದೆ.

ಮ್ಯಾಟ್ರಿಕ್ ಮುಗಿಸಿ ಬೆಳಗಾವಿಯ ಶಹಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು ನಾನು. ಕನ್ನಡ, ಮರಾಠಿ ಎರಡೂ ಅಕ್ಷರ ಕೈಗೆ ಒಗ್ಗಿದ್ದವು, ಅದರ ಜಂಬವೂ ಇತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮ ಓಣಿಯ ಮಗ್ಗದ ಮನೆಯೊಂದರ ಹೊರಗೋಡೆಗೆ ಚಿತ್ರ ಬರೆಯಲು ಒಬ್ಬ ಕಲಾವಿದರು ಬಂದರು. ಬೆಳಗಾವಿಯವರೇ, ಮನೆಮಾತು ಉರ್ದು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು.

ನಾವು ಬೋರ್ಡಿನವರು ಸುಣ್ಣ ಹಚ್ಚಿದ ದಾರ ಹೊಡೆದು ಗೆರೆ ಮೂಡಿಸಿಕೊಳ್ಳದೆ ಒಂದಕ್ಷರವನ್ನೂ ಬರೆಯುವವರಲ್ಲ. ಅವರು ಉದ್ದನೆಯ ಬಿದಿರಿನ ತುದಿಗೆ ಇದ್ದಿಲು ಕಟ್ಟಿ, ದೂರದಲ್ಲಿ ನಿಂತು, ಒಂದೇ ಎಳೆತದಲ್ಲಿ ಮಗ್ಗದ ಮುಂದೆ ಬಾಗಿದ ನೇಕಾರನನ್ನು ನಿಲ್ಲಿಸಿಬಿಟ್ಟರು. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಎದುರು ಮನೆಯ ಮುದುಕ ಹತ್ತಿರ ಬಂದು, “ಇವು ನಮ್ಮಪ್ಪನ ಕೈ” ಎಂದು ಹಸಿ ಬಣ್ಣ ಮುಟ್ಟಿ, ಬೆರಳಿಗೆ ಹತ್ತಿದ ಕೆಮ್ಮಣ್ಣನ್ನು ಒರೆಸಿಕೊಳ್ಳದೆ ಮನೆಗೆ ಹೋದ. ಬೆರಳಿನ ಗುರುತನ್ನು ಸಾಹೇಬರು ತಿದ್ದಲಿಲ್ಲ. ಬೋರ್ಡಿನ ಕೆಲಸ ಬದಿಗಿಟ್ಟು ನಾನು ಅವರ ಬೆನ್ನು ಹತ್ತಿದೆ.

ಮುಂದಿನ ಗೋಡೆ ಖಾನಾಪುರದ್ದು. ಸಂತೆ ಬಯಲಿಗೆ ಹೊಂದಿಕೊಂಡ ಗೋದಾಮಿನ ಗೋಡೆಯನ್ನು ಊರ ಹಿರಿಯರು ಬಿಟ್ಟುಕೊಟ್ಟಿದ್ದರು. ಗೋಡೆ ಕೆರೆದು ಸುಣ್ಣ ಬಳಿಯುವುದು ನನ್ನ ಪಾಲಿನ ಕೆಲಸ. ಬಣ್ಣಕ್ಕೆ ಸಾಹೇಬರು ಅಂಗಡಿಗೆ ಹೋಗಲಿಲ್ಲ. ಕುಂಬಾರ ಓಣಿಯವರು ಕೆಂಪು ಮಣ್ಣು ಸೋಸಿ ಕೊಟ್ಟರು, ಹೆಂಗಸರು ದೀಪದ ಕಾಡಿಗೆ ತಂದರು. ಉಳಿದದ್ದು ಸುಣ್ಣ ಮತ್ತು ಬಟ್ಟೆಗೆ ಹಾಕುವ ನೀಲಿ. ಅಷ್ಟರಲ್ಲೇ ಇಡೀ ಸಂತೆ ಗೋಡೆ ಏರಿತು. ದಿನವೂ ತುಳಿದು ತಿರುಗುವ ಮಣ್ಣಿನೊಳಗೆ ಇಷ್ಟೊಂದು ಮೈಬಣ್ಣಗಳು ಇದ್ದವೆಂದು ನನಗೆ ತಿಳಿದಿರಲೇ ಇಲ್ಲ. ಹತ್ತಿರದ ಹಲಸಿ ಊರಿನಿಂದ ಸೌದೆ ತರುವವನೊಬ್ಬ ಹಿಂದಿನಿಂದ ಬರೆದ ತನ್ನ ಚಿತ್ರವನ್ನು ಗುರುತಿಸಿ, “ನನ್ನ ಬೆನ್ನ ನಾ ಇವತ್ತ ನೋಡಿದ್ನೆಪಾ” ಎಂದ. ಯಾರೂ ನಗಲಿಲ್ಲ.

ಗೋಡೆಯ ನಡುವೆ, ಎಲ್ಲರಿಗಿಂತ ದೊಡ್ಡದಾಗಿ ಬಂದವಳು ಗಡಿಗೆ ಮಾರುವ ಒಬ್ಬ ಹೆಂಗಸು. ಕುಂಬಾರ ಓಣಿಯ ವಿಧವೆ, ಮನೆಯಲ್ಲಿ ಮರಾಠಿ, ಇನ್ನೂ ಹರೆಯ ಮಾಸಿರಲಿಲ್ಲ. ಸ್ವಂತ ಮಕ್ಕಳಿರಲಿಲ್ಲ. ನೆರೆಮನೆಯ ಕೂಸು ಸದಾ ಅವಳ ಸೊಂಟದ ಮೇಲಿರುತ್ತಿತ್ತು. ಸಾಹೇಬರು ಅವಳನ್ನು ಹಾಗೆಯೇ ಬರೆದರು. ನೋಡಿದ ದಿನ ಅವಳು ಬುಟ್ಟಿ ಇಳಿಸಿ ಬಹಳ ಹೊತ್ತು ನಿಂತಳು. ಮುಂದಿನ ಸಂತೆಯಿಂದ ಆ ಚಿತ್ರದ ಕೆಳಗೇ ಗಡಿಗೆ ಒಟ್ಟಿಕೊಂಡು ಕೂರತೊಡಗಿದಳು. ಮೊದಲು ತಲೆ ತಗ್ಗಿಸಿ ಮಾರುತ್ತಿದ್ದವಳು ಈಗ ಗಿರಾಕಿಗಳ ಮುಖ ನೋಡಿ ಮಾತಾಡುತ್ತಿದ್ದಳು.

ಚಿತ್ರದ ಕೆಳಗೆ ಏನು ಬರೆಯಲಿ ಎಂದು ಸಾಹೇಬರನ್ನು ಕೇಳಿದೆ.

“ಏನೂ ಬ್ಯಾಡ ಭಾಯ್. ಬರದ್ರ ಮಂದಿ ಓದತಾರ, ನೋಡೂದಿಲ್ಲ.”

ನನಗೆ ಚುಚ್ಚಿತು. ಅಕ್ಷರವೇ ಬೇಡವೆಂದರೆ ನಾನೇಕೆ ಬೇಕು? ಪಕ್ಕದ ಕಿರಾಣಿ ಅಂಗಡಿಯವನು ಬೇರೆ, “ಚಿತ್ರಾ ಎಲ್ಲಾ ಸಾಹೇಬ್ರದ ಆತು. ನಿಂದೇನೈತೋ ಇದರಾಗ, ಸುಣ್ಣ?” ಎಂದು ಕೆಣಕಿದ. ಸಾಹೇಬರು ಕೆಲಸದ ಮೇಲೆ ಬೆಳಗಾವಿಗೆ ಹೋದಾಗ ನಾನು ದಾರ ಹೊಡೆದು, ಆ ಹೆಂಗಸಿನ ಪಾದದ ಕೆಳಗೆ ಕನ್ನಡದಲ್ಲಿ ‘ಆಯಿ’ ಎಂದು ಬರೆದೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಲಿಪಿ ನಮ್ಮದು, ಮಾತು ಅವರದು, ಇಬ್ಬರೂ ಮೆಚ್ಚುತ್ತಾರೆ ಎಂದು ಹಿಗ್ಗಿದೆ. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ನಾನೇ ಹುಟ್ಟಿದಾಗಿನಿಂದ ಅಜ್ಜಿಯನ್ನು ಹಾಗೆ ಕರೆದವನು. ಆ ಗಳಿಗೆಯಲ್ಲಿ ಅದು ತಲೆಗೇ ಹೊಳೆಯಲಿಲ್ಲ.

ಸಂತೆಯ ದಿನ ಕನ್ನಡದವರು ಓದಿ ನಕ್ಕರು. “ಕರೀ ಕೂದಲದಾಕಿ ಆಯಿ ಹೆಂಗಾದ್ಲೋ?” ಮರಾಠಿಯವರ ನಗೆ ಇನ್ನೂ ಕೆಟ್ಟದ್ದು. “ಕೋಣಾಚಿ ಆಯಿ?” ಯಾರ ತಾಯಿ ಇವಳು, ಎಂದು ಒಬ್ಬ ಅವಳಿಗೆ ಕೇಳುವಂತೆಯೇ ಕೇಳಿದ. ಮಧ್ಯಾಹ್ನದ ಹೊತ್ತಿಗೆ ಹುಡುಗರು ಅದನ್ನೇ ಕೂಗುತ್ತ ಅವಳ ಹಿಂದೆ ಬಿದ್ದರು. ಅವಳಿಗೆ ಓದಲು ಬರುತ್ತಿರಲಿಲ್ಲ. ಯಾರನ್ನೋ ಕೇಳಿ ತಿಳಿದುಕೊಂಡು ನನ್ನ ಬಳಿ ಬಂದಳು.

“ದಾದಾ, ಚಿತ್ರಾ ಇರಲಿ. ಆ ಅಕ್ಷರಾ ಅಳಸ್ರಿ.”

ಒಂದು ಕೈ ಸುಣ್ಣ ಬಳಿದಿದ್ದರೆ ಮುಗಿಯುತ್ತಿತ್ತು. ಅಂಗಡಿಯವನು ನೋಡುತ್ತಿದ್ದ. “ಸಾಹೇಬ್ರ ಬರಸ್ಯಾರ. ನಾ ಹೆಂಗ ಅಳಸ್ಲಿ?” ಎಂದೆ.

“ಸಾಹೇಬ್ರ?”

“ಹೂಂ.”

ಅವಳು ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದಳು. ಗಡಿಗೆಗಳನ್ನು ಬುಟ್ಟಿಗೆ ತುಂಬಿಕೊಂಡು ಹೋದಳು.

ಮರುದಿನ ಬೆಳಗ್ಗೆ ಬಂದು ನೋಡಿದರೆ ಗೋಡೆಯ ನಡುವೆ ಅವಳಿರಲಿಲ್ಲ. ಮುಖ, ಕೂಸು, ಅಕ್ಷರ ಎಲ್ಲದರ ಮೇಲೂ ಗಡಿಗೆಗೆ ಬಳಿಯುವ ಕೆಂಪು ಮಣ್ಣಿನ ನೀರನ್ನು ಅಂಗೈಯಿಂದ ಸವರಿಬಿಟ್ಟಿದ್ದಳು. ಅಕ್ಕಪಕ್ಕದವರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಸಾಹೇಬರೇ ತನ್ನನ್ನು ಅಣಕಿಸಿದರೆಂದು ತಿಳಿದ ಮೇಲೆ ಅವರು ಕೊಟ್ಟ ಮುಖ ಅವಳಿಗೇಕೆ ಬೇಕಿತ್ತು?

ಬೆಳಗಾವಿಯಿಂದ ಮರಳಿದ ಸಾಹೇಬರು ಗೋಡೆಯ ಎದುರು ಚೀಲ ಇಳಿಸಿದರು. “ಆಕಿಗೆ ನಾ ಬರದದ್ದು ಸೇರಲಿಲ್ಲ” ಎಂದರು. ನನ್ನ ಅಕ್ಷರ ಕೆಂಪಿನಡಿ ಮುಚ್ಚಿಹೋಗಿತ್ತು, ನಾನು ಅದರ ಸುದ್ದಿ ಎತ್ತಲಿಲ್ಲ. ಆಮೇಲೆ ಹತ್ತಿರ ಹೋಗಿ ಅಂಗೈಯ ಗುರುತುಗಳ ಮೇಲೆ ತಮ್ಮ ಕೈ ಆಡಿಸಿದರು. ಕೆಳಗಿನಿಂದ ಮೇಲಕ್ಕೆ, ದುಂಡಗೆ, ಗಡಿಗೆಯ ಹೊಟ್ಟೆಯನ್ನು ಸವರಿದ ಹಾಗೆಯೇ ಇದ್ದವು. “ಏನ್ ಕೈ ಅದ ನೋಡು. ಇದು ಆಕಿ ಬರದದ್ದು. ಇರಲಿ.” ಬೇರೆ ಬಣ್ಣ ಹಚ್ಚಗೊಡಲಿಲ್ಲ. ಮುಂದೆ ಆ ಗೋಡೆಯ ಎದುರು ನಿಂತವರೆಲ್ಲ ಹೆಚ್ಚು ಹೊತ್ತು ನೋಡುತ್ತಿದ್ದದ್ದು ಆ ಕೆಂಪನ್ನೇ. ನನಗೂ ಅದರಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ. ಗೋದಾಮು ಬೀಳುವವರೆಗೂ ಅದು ಮಾಸಲಿಲ್ಲ.

ಎಂಬತ್ತರ ದಶಕದಲ್ಲಿ, ಬೆಳಗಾವಿಯ ಸಾಲೆಯೊಂದರ ಕಂಪೌಂಡಿಗೆ ಅವರು ಚಿತ್ರ ಬರೆಯುತ್ತಿದ್ದಾಗ ಎಲ್ಲವನ್ನೂ ಹೇಳಿ ತಪ್ಪಾಯಿತು ಎಂದೆ. ಬೈಯಲಿಲ್ಲ. ಕುಂಚವನ್ನು ನೀರಿನಲ್ಲಿ ಅದ್ದಿಟ್ಟು, “ನನಗ್ಯಾಕ ಹೇಳ್ತಿ? ಇಷ್ಟ ವರ್ಷ ಆಕಿ ನನ್ನ ಏನಂತ ತಿಳಕೊಂಡಾಳೋ. ಆಕಿಗೆ ಹೇಳಿ ಬಾ” ಎಂದರು.

ಹೋದೆ. ಅಂಗಳದಲ್ಲಿ ಹಸಿ ಗಡಿಗೆ ತಟ್ಟುತ್ತ ಕೂತಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. ಗುರುತು ಹಿಡಿದು, “ಬರ್ರಿ ದಾದಾ, ಕುಂದರ್ರಿ” ಎಂದು ನೀರು ಕೊಟ್ಟಳು. ಸಾಹೇಬರು ಹೇಗಿದ್ದಾರೆಂದು ಅವಳು ಕೇಳಲಿಲ್ಲ, ಆ ಅಕ್ಷರ ಬರೆಸಿದ್ದು ಅವರಲ್ಲವೆಂದು ನಾನು ಹೇಳಲಿಲ್ಲ. ಮಳೆ, ಮಣ್ಣು, ಭಟ್ಟಿ ಅಂತ ಏನೇನೋ ಮಾತಾಡಿ, ಒಂದು ಗಡಿಗೆ ಕೊಂಡು ರೈಲು ಹತ್ತಿದೆ. ಸಾಹೇಬರಿಗೆ, ಹೇಳಿ ಬಂದೆ ಎಂದೆ. ಅವರ ಮುಖ ಅರಳಿತು.

ಈಗ ಇಬ್ಬರೂ ಇಲ್ಲ. ಸಾಹೇಬರ ಕ್ಷಮೆಯನ್ನಾದರೂ ಬಾಯಿಬಿಟ್ಟು ಕೇಳಿದ್ದೆ, ಎರಡನೆಯ ಸುಳ್ಳಿಗಲ್ಲದಿದ್ದರೂ ಮೊದಲನೆಯದಕ್ಕೆ. ಒಮ್ಮೆಯೂ ಕೇಳದೆ ಉಳಿದದ್ದು ಅವಳನ್ನು, ಖಾನಾಪುರದ ಕುಂಬಾರ ಓಣಿಯ ಆ ವಿಧವೆಯನ್ನು.