ಅಕ್ಕನ ಕಾಲಳತೆಯ ಬಾವಿ

ಇನ್ನೂ ಬೆಳಕು ಹರಿದಿಲ್ಲ, ಆಗಲೇ ಬಾವಿಯೊಳಗಿಂದ ಬೈಗುಳ ಕೇಳುತ್ತಿದೆ. ಎಲ್ಲರೂ ‘ಬಾವಿ ಅಕ್ಕ’ ಎಂದೇ ಕರೆಯುವ ಗೇಣಿದಾರ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲಿನ ಪಾಚಿಯನ್ನು ಬೈಯುತ್ತಾ ಕೆರೆಯುತ್ತಿದ್ದಾರೆ. ಬಾವಿ ನೋಡಲು ಇವತ್ತು ಕೋರ್ಟಿನ ಕಮಿಷನರ್ ಬರುತ್ತಾರೆ.

“ಸ್ವಲ್ಪ ಕೂತ್ಕೋ ಅತ್ತಿಗೆ” ಎನ್ನುತ್ತಾನೆ ಮೇಲೆ ನಿಂತ ಮೈದುನ.

“ಅವ್ರು ಬಂದು ಹೋಗೋ ತನಕ ಕೂರೋದೆಲ್ಲಿಂದ? ಕೈ ಆಡ್ತಿದ್ರೆ ವಾಸಿ.”

ಹೊಲ ದೇವಸ್ಥಾನದ್ದು. ಮಾವನ ಕಾಲದಿಂದಲೂ ಉತ್ತು ಗೇಣಿ ಕೊಡುತ್ತಿರುವುದು ಇವರ ಮನೆ. ಈ ವರ್ಷ ದೇವಸ್ಥಾನದ ಆಡಳಿತ ಮಂಡಳಿ ಹೊಲವನ್ನು ಹರಾಜಿಗಿಟ್ಟಿತು. ಇಟ್ಟಿಗೆ ಗೂಡಿನ ಸಾಹುಕಾರ ಕೂಗಿ ಹಿಡಿದ. ಅವನಿಗೆ ಬೇಕಿರುವುದು ಬೆಳೆಯಲ್ಲ, ಮಣ್ಣು. ಅಕ್ಕ ಕೋರ್ಟಿನ ಮೆಟ್ಟಿಲು ಹತ್ತಿ ತಡೆಯಾಜ್ಞೆ ತಂದರು. ಬಾವಿ ತೋಡಿದ್ದು ತಾನು ಮತ್ತು ಗಂಡ ಎಂದು ತೋರಿಸಿಕೊಟ್ಟರೆ ಮಾತ್ರ ಹೊಲ ಉಳಿದೀತು ಎನ್ನುತ್ತಾರೆ ವಕೀಲರು. ಬಾವಿ ತೋಡಿಸಿದ್ದು ನಾವೇ ಎನ್ನುತ್ತದೆ ಮಂಡಳಿ. ಸಾಕ್ಷಿ ಹೇಳಬೇಕಾದ ಗಂಡ ತೀರಿಕೊಂಡು ವರ್ಷಗಳಾಗಿವೆ.

“ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ಪಾಪ, ಇಲ್ಲಿ ನಿಜ ಗೊತ್ತಿರೋ ಪೂಜಾರಿ ಬಾಯಿಗೂ ಬೀಗ ಹಾಕಿದಾರೆ ಮಂಡಳಿಯವ್ರು!” ಅಕ್ಕ ನಗುತ್ತಾರೆ, ಕಣ್ಣು ಮಾತ್ರ ದಾರಿಯ ಮೇಲೇ ಇದೆ.

ಬಿಸಿಲೇರಿದ ಮೇಲೆ ಕಮಿಷನರ್ ಜೀಪು ಬರುತ್ತದೆ. ಕಂಬದಂತೆ ಉದ್ದಕ್ಕಿರುವ ಮಂಡಳಿಯ ಕಾರ್ಯದರ್ಶಿ, “ನಮ್ಮ ಬಾವಿ ಸಾರ್, ನಾನೇ ತೋರಿಸ್ತೀನಿ” ಎನ್ನುತ್ತಾ ಮುಂದಾಗಿ ಬಾವಿಗೆ ಇಳಿಯುತ್ತಾರೆ. ಗೋಡೆಯಲ್ಲಿ ಕಡಿದ ಮೆಟ್ಟಿಲುಗಳು ಒತ್ತೊತ್ತಾಗಿವೆ. ಅವರ ಮಂಡಿ ಕಲ್ಲಿಗೆ ಬಡಿಯುತ್ತದೆ. ಅರ್ಧ ದಾರಿಯಲ್ಲೇ ಅವರು, “ಅಯ್ಯಯ್ಯೋ, ಯಾರಾದ್ರೂ ಕೈ ಕೊಡ್ರೋ” ಎಂದು ಗೋಡೆ ಅಪ್ಪಿ ನಿಲ್ಲುತ್ತಾರೆ. ಮೈದುನ ಕೈ ಕೊಟ್ಟು ಎಳೆದುಕೊಳ್ಳುತ್ತಾನೆ.

ಅಕ್ಕ ಕೊಡ ಕಂಕುಳಿಗಿಟ್ಟು, ಕೆಳಗೆ ನೋಡದೆಯೇ ಸರಸರ ಇಳಿದು ನೀರು ತುಂಬಿ ಮೇಲೆ ಬರುತ್ತಾರೆ. “ನಮ್ಮನೆಯವ್ರು ಅಗೀತಿದ್ರು, ಮಣ್ಣು ಹೊರ್ತಿದ್ದೋಳು ನಾನು. ನನ್ನ ಕಾಲಿಗೆ ಎಟುಕ್ಲಿ ಅಂತ ಹೀಗೆ ಕಡಿದ್ರು ಸ್ವಾಮಿ.”

ಕಮಿಷನರ್ ಟೇಪು ಹಿಡಿದು ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ, ಜೀಪು ಹತ್ತಿ ಹೊರಡುತ್ತಾರೆ. ತೀರ್ಪು ಯಾವಾಗಲೋ, ಏನೋ. ಜೀಪಿನ ಧೂಳು ಇಳಿಯುವ ಮುಂಚೆಯೇ ಅಕ್ಕ ಮತ್ತೆ ಬಾವಿಯ ಬಳಿ, ಪಕ್ಕದಲ್ಲಿ ಮೈದುನ.

“ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಸೋತ್ರೆ ಒಂದೇ ಒಂದು ಕೇಳ್ಕೋತೀನಿ, ಬಾವಿ ಮುಚ್ಬೇಡಿ ಅಂತ. ಆರಡಿ ಆಳು ನಿಮ್ಮಣ್ಣ. ಬದುಕಿರೋ ತನಕ ಮಂಡಿ ಮಡಚ್ಕೊಂಡೇ ಇಳಿದ್ರು ಇದರಲ್ಲಿ.”