ನೂರಾ ಹದಿನೇಳನೆಯ ಬಿಲ್ಲೆ

ಡ್ಯಾಂಡಿನಾಂಗಿನಲ್ಲಿ ಮಗಳು ರೆಂಟಿಗೆ ಹಿಡಿದಿದ್ದ ಮನೆಯ ಪಕ್ಕ ಒಬ್ಬ ಮುದುಕನಿದ್ದ. ಚಳಿ ಶುರುವಾದರೆ ಇಟ್ಟಿಗೆಯ ಹಾಗೆ ಒತ್ತಿದ ಕಲ್ಲಿದ್ದಲನ್ನು ಚೀಲಗಟ್ಟಲೆ ತಂದು ಒಲೆಗೆ ಹಾಕುತ್ತಿದ್ದ. ನಾನು ಈ ಪರದೇಶಕ್ಕೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದವಳ ಮೂಗಿಗೆ ಆ ಹೊಗೆ ಬಡಿಯಿತು. ಒದ್ದೆ ಲಂಗವನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಇಲ್ಲಿನ ಕಲ್ಲಿದ್ದಲು ಕಂದು ಬಣ್ಣದ್ದು, ಹೊಗೆಯೂ ಮಣ್ಣು ಮಣ್ಣು. ನಮ್ಮದು ಅಪ್ಪಟ ಕಪ್ಪು, ಅದರ ಹೊಗೆ ಗಂಟಲು ಕೆರೆಯುತ್ತಿತ್ತು. ಆದರೂ ಎರಡೂ ಒಂದೇ ಕುಲದವು ಎಂದು ಮೂಗಿಗೆ ತಿಳಿಯುತ್ತದೆ. ಮಗಳು ಸುಮಾ ಒಳಗಿನಿಂದ ಕೂಗಿದಳು, "ಏನಮ್ಮಾ, ಅಲರ್ಜಿ ಆಯ್ತಾ? ಒಳಗೆ ಬಾ, ಡೋರ್ ಕ್ಲೋಸ್ ಮಾಡು." "ಅಲರ್ಜಿ ಅಲ್ಲವ್ವಾ, ನಮ್ಮ ಮನಿ ವಾಸನಿ," ಎಂದೆ. ಅವಳು ಬಾಗಿಲು ಹಾಕಿದಳು.

ನಮ್ಮ ಮನೆ ಇದ್ದದ್ದು ಸಾತ್ಪುಡಾ ಬೆಟ್ಟದ ನಡುವಿನ ಒಂದು ಕಲ್ಲಿದ್ದಲು ಗಣಿಯಲ್ಲಿ. ವಿಜಾಪುರದ ಕಡೆ ಕಲ್ಲು ಒಡೆಯುತ್ತಿದ್ದ ಹತ್ತು ಹನ್ನೆರಡು ಸಂಸಾರಗಳನ್ನು ಯಾರೋ ಮೇಸ್ತ್ರಿ ರೈಲು ಹತ್ತಿಸಿ ಒಯ್ದು ಅಲ್ಲಿ ಬಿಟ್ಟಿದ್ದನಂತೆ. ಸಾಲಾಗಿ ಕಟ್ಟಿದ ತಗಡಿನ ಮನೆಗಳು, ನಾವಿದ್ದ ಸಾಲಿನಲ್ಲಿ ಎಲ್ಲರೂ ಕನ್ನಡದವರು. ನಾನು ಹುಟ್ಟಿದ್ದು ಅಲ್ಲೇ. ಅಪ್ಪ ಕಲ್ಲಪ್ಪ ಗಣಿಯೊಳಗೆ ಇಳಿದು ಇದ್ದಲು ಕಡಿಯುತ್ತಿದ್ದ. ಅವ್ವ ಮೇಲೆ ಇದ್ದಲಿನ ರಾಶಿಯ ಮುಂದೆ ಕೂತು ಕಲ್ಲು ಆರಿಸುತ್ತಿದ್ದಳು. ಮನೆಗೆ ಬಂದು ಜೋಳದಲ್ಲೂ ಕಲ್ಲು ಆರಿಸುವಳು. ಅಪ್ಪ ಎಷ್ಟು ಉಜ್ಜಿ ಸ್ನಾನ ಮಾಡಿದರೂ ಕಣ್ಣಿನ ಅಂಚಿನ ಕಪ್ಪು ಹೋಗುತ್ತಿರಲಿಲ್ಲ, ಕಾಡಿಗೆ ತೀಡಿದ ಮದುಮಗನ ಹಾಗೆ ಕಾಣುತ್ತಿದ್ದ. ಬಚ್ಚಲ ನೀರು ಕರ್ರಗೆ ಹರಿದು ಅಂಗಳದ ತುಳಸಿಯ ಬುಡ ಸೇರುತ್ತಿತ್ತು, ಆ ತುಳಸಿಗೆ ಮಾತ್ರ ಏನೂ ಆಗಲಿಲ್ಲ. ಬೆಟ್ಟದ ಮೇಲೆ ಸಾಗುವಾನಿ ಹೂ ಬಿಟ್ಟಾಗ ದೂರದಿಂದ ಬೆಳ್ಳಗೆ ಚೆಂದ ಕಾಣುತ್ತಿತ್ತು ಎಂದು ನೆನಪು. ಚೆಂದ ನೋಡುತ್ತ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ.

ಗಣಿಯಲ್ಲಿ ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಹಾಜರಿ ಕಿಟಕಿಯಲ್ಲಿ ಬಿಲ್ಲೆ ಕೊಟ್ಟರೆ ತಲೆಗೆ ಕಟ್ಟುವ ದೀಪ ಕೊಡುವರು, ಮೇಲೆ ಬಂದು ದೀಪ ಕೊಟ್ಟರೆ ಬಿಲ್ಲೆ ವಾಪಸ್ಸು. ಸಂಜೆ ಯಾವುದಾದರೂ ಬಿಲ್ಲೆ ಕಿಟಕಿಯೊಳಗೇ ಉಳಿದರೆ ಆ ಮನುಷ್ಯ ಕೆಳಗೇ ಉಳಿದಿದ್ದಾನೆ ಎಂದು ತಿಳಿಯಬೇಕು. ಮೊದಲು ಬಂದ ಬಿಲ್ಲೆಗೆ ಒಳ್ಳೆಯ ದೀಪ ಸಿಗುತ್ತಿತ್ತು. ಹಾಗಾಗಿ ಗಂಡಸರು ರೊಟ್ಟಿ ತಿನ್ನುವಷ್ಟರಲ್ಲಿ ಮಕ್ಕಳು ಬಿಲ್ಲೆ ಹಿಡಿದು ಓಡಿ ಕಿಟಕಿಯಲ್ಲಿ ಕೊಡುವುದು ನಮ್ಮ ಸಾಲಿನ ಪದ್ಧತಿ. ಅಪ್ಪನ ನಂಬರು ನೂರಾ ಹದಿನೇಳು. ಅಕ್ಷರ ಕಲಿಯುವ ಮೊದಲೇ ಆ ಅಂಕಿ ನನ್ನ ಬೆರಳಿಗೆ ಗೊತ್ತಿತ್ತು.

ನನಗೆ ಎಂಟು ವರ್ಷವಿದ್ದಾಗ ಗಣಿಯ ಮಾಡು ಕುಸಿದು ಇಬ್ಬರು ಸತ್ತರು. ಮಾಡಿಗೆ ಆಸರೆ ಕೊಟ್ಟಿದ್ದ ಮರದ ಕಂಬಗಳು ಗೆದ್ದಲು ಹಿಡಿದು ಟೊಳ್ಳಾಗಿದ್ದವು. ಹೊಸ ಕಂಬ ಹಾಕುವ ತನಕ ಇಳಿಯುವುದಿಲ್ಲ ಎಂದು ಎಲ್ಲರೂ ಬಿಲ್ಲೆಗಳನ್ನು ಮನೆಯ ಮೊಳೆಗೆ ನೇತುಹಾಕಿ ಗೇಟಿನ ಮುಂದೆ ಕೂತರು. ನಮ್ಮ ಸಾಲಿನ ಭೀಮಣ್ಣನೇ ಮುಂದಾಳು. ಕಂಪನಿಯವರು ತಮ್ಮ ಅಂಗಡಿಯಲ್ಲಿ ಕಾಳು ಕೊಡುವುದನ್ನು ನಿಲ್ಲಿಸಿದರು, ಬಿಲ್ಲೆ ಕೊಟ್ಟವರಿಗೆ ಮಾತ್ರ ಜೋಳ ಎಂದರು. ಮೂರನೆಯ ವಾರಕ್ಕೆ ಅವ್ವನ ಎದೆಯಲ್ಲಿ ಹಾಲು ಬತ್ತಿತು. ಮೊಲೆ ಕುಡಿಯುತ್ತಿದ್ದ ನನ್ನ ತಮ್ಮ ಅತ್ತು ಅತ್ತು ಆಮೇಲೆ ಅಳುವುದನ್ನೂ ಬಿಟ್ಟ. ಒಂದು ಬೆಳಿಗ್ಗೆ ನಾನು ಮೊಳೆಯಿಂದ ಬಿಲ್ಲೆ ತೆಗೆದುಕೊಂಡು ಹೊರಟೆ. ದೊಡ್ಡವರೆಲ್ಲ ಮುಂದಿನ ಗೇಟಿನಲ್ಲಿದ್ದರು, ಹಾಜರಿ ಕಿಟಕಿ ಇದ್ದದ್ದು ಹಿಂದೆ, ಅಂಗಡಿಯ ಪಕ್ಕ. ಅಪ್ಪ ಕಳಿಸಿದನೇ ಎಂದು ಗುಮಾಸ್ತ ಹಿಂದಿಯಲ್ಲಿ ಕೇಳಿದ. ಹೌದೆಂದು ತಲೆ ಆಡಿಸಿದೆ. ಅರ್ಧ ಚೀಲ ಜೋಳ ಅಳೆದುಕೊಟ್ಟರು, ಎಳೆದುಕೊಂಡು ಬಂದೆ. ಅವ್ವ ಎಲ್ಲಿಂದ ಎಂದು ಕೇಳಲಿಲ್ಲ. ಕೇಳಬೇಕಿತ್ತು. ಬೀಸಿ ಅಂಬಲಿ ಕಾಸಿದಳು, ನಾವು ಉಂಡೆವು.

ಕೆಲಸಕ್ಕೆ ಬಂದವರ ನಂಬರನ್ನು ಗೇಟಿನ ಕರಿಹಲಗೆಯ ಮೇಲೆ ಬರೆಯುತ್ತಾರೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಆ ದಿನ ಅಷ್ಟು ದೊಡ್ಡ ಹಲಗೆಯ ಮೇಲೆ ಒಂದೇ ನಂಬರು. ಅಪ್ಪ ಅದರ ಎದುರಿಗೇ ಕೂತಿದ್ದ.

"ಕಲ್ಲಪ್ಪಣ್ಣ," ಎಂದನಂತೆ ಭೀಮಣ್ಣ ಎಲ್ಲರ ಮುಂದೆ, "ಮಗಳ ಕೈಲೆ ಬಿಲ್ಲಿ ಕಳಸೋ ಬದ್ಲಿ ಸೀರಿ ಉಟಗೊಂಡು ನೀನ ಹೋಗಬೇಕಿತ್ತಪ."

ಅಪ್ಪ ಮನೆಗೆ ಬಂದು ಉಳಿದ ಜೋಳವನ್ನು ಹೊತ್ತುಕೊಂಡು ಹೋಗಿ ಅಂಗಡಿಯ ಮುಂದೆ ಸುರಿದು, ಬಿಲ್ಲೆ ಇಸಿದುಕೊಂಡು ಬಂದ. "ಕೂಸು ಮಾಡೇತಿ ಅಂತ ಹೇಳಬಾರದೇನ?" ಎಂದು ಅವ್ವ ಗೋಗರೆದಳು. "ಹೇಳಿದ್ರ, ತಾನು ಕಳಿಸಿ ಈಗ ಕೂಸಿನ ಮ್ಯಾಲ ಹಾಕ್ತಾನ ಅಂತಾರ. ಸುಮ್ಕಿರು," ಎಂದ. ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು.

ಕಡೆಗೆ ಮುಷ್ಕರ ಗೆದ್ದಿತು. ಹೊಸ ಕಂಬಗಳು ಲಾರಿಯಲ್ಲಿ ಬಂದವು, ಗುಲಾಲು ಎರಚಿ ಮೆರವಣಿಗೆ ಮಾಡಿದರು. ನಮ್ಮ ಬಾಗಿಲಿಗೆ ಗುಲಾಲು ಬೀಳಲಿಲ್ಲ. ಅದು ಬೇಡ, ಬಿಡಿ. ಗಣಿಯೊಳಗೆ ಇದ್ದಲು ಕಡಿಯುವುದು ಜೋಡಿ ಕೆಲಸ, ಒಬ್ಬ ಕಡಿದರೆ ಇನ್ನೊಬ್ಬ ಮಾಡಿನ ಮೇಲೆ ಕಣ್ಣಿಟ್ಟಿರಬೇಕು. ಅಪ್ಪನಿಗೆ ಜೋಡಿ ಸಿಗಲಿಲ್ಲ. ಊರಿಗೆ ಹೊಸದಾಗಿ ಬಂದವರು ತಿಂಗಳೆರಡು ತಿಂಗಳು ಜೊತೆಗಿರುವರು. ಯಾರಾದರೂ ಕಿವಿಯಲ್ಲಿ ಊದಿದ ಮೇಲೆ ಅವರೂ ಬಿಡುವರು. ಮಾಡು ನೋಡಿಕೊಳ್ಳುವವರಿಲ್ಲದೆ ಕತ್ತೆತ್ತಿ ಕತ್ತೆತ್ತಿ ಕಡಿದು ಅಪ್ಪನ ಕತ್ತು ಒಂದು ಕಡೆ ವಾಲಿಹೋಯಿತು. ಹಾಗೇ ಹದಿನಾಲ್ಕು ವರ್ಷ ದುಡಿದು, ಕೆಮ್ಮಿ ಕೆಮ್ಮಿ ಸತ್ತ.

ಇದನ್ನೆಲ್ಲ ಈಗ ಕೆದಕಿದವನು ಭೀಮಣ್ಣನ ಮೊಮ್ಮಗ ಪ್ರಕಾಶ. ಸಿಡ್ನಿಯ ಎಪ್ಪಿಂಗಿನಲ್ಲಿ ಕಂಪ್ಯೂಟರ್ ಕೆಲಸ. ಆ ಮುಷ್ಕರದ ಕಥೆ, ಕೂತವರ ಹೆಸರು ಎಲ್ಲ ಸೇರಿಸಿ ಒಂದು ಪುಸ್ತಕ ಮಾಡುತ್ತಿದ್ದಾನೆ ಎಂದು ಯಾರೋ ಹೇಳಿದರು. ಸುಮಾಳ ತಲೆ ತಿಂದು, ವಿಮಾನ ಹತ್ತಿ ಅವನ ಮನೆಗೆ ಹೋದೆ. ಒಳ್ಳೆಯ ಹುಡುಗ, ಕಾಫಿ ತಾನೇ ಮಾಡಿಕೊಟ್ಟ. ತಾತನ ನೋಟುಬುಕ್ಕು ತೆಗೆದು ತೋರಿಸಿದ. ನೂರಾರು ಹೆಸರುಗಳ ನಡುವೆ ನಮ್ಮಪ್ಪನದೂ ಇತ್ತು, ಅದರ ಮೇಲೆ ಒಂದು ಅಡ್ಡಗೆರೆ.

"ತಾತಾನೇ ಸ್ಟ್ರೈಕ್ ಔಟ್ ಮಾಡಿದಾರೆ ಆಂಟಿ. ನಾನು ಹೇಗೆ ಸೇರಿಸ್ಲಿ?"

"ನಿಮ್ಮ ತಾತ ಎಳದದ್ದು ಬ್ರಹ್ಮ ಬರದ ಗೆರಿ ಏನಪ? ಬಿಲ್ಲಿ ಕೊಟ್ಟಾಕಿ ನಾನು. ಇಲ್ಲೇ ಕುಂತೀನಿ, ಕೇಳು."

ಪೂರಾ ಕೇಳಿದ. ಕಣ್ಣು ಒದ್ದೆ ಮಾಡಿಕೊಂಡ. "ಚಿಕ್ಕ ಮಗು, ಗೊತ್ತಿಲ್ದೆ ಮಾಡಿದ್ದು ಅಂತ ಒಂದ್ ಪ್ಯಾರಾ ಬರೀತೀನಿ ಆಂಟಿ. ತುಂಬಾ ಟಚಿಂಗ್ ಆಗಿರತ್ತೆ."

"ಗೊತ್ತಿಲ್ದ ಅಲ್ಲ. ಜ್ವಾಳ ಕೊಡ್ತಾರಂತ ಗೊತ್ತಿತ್ತು. ಹಸದು ಮಾಡೀನಿ. ಅಪ್ಪ ಕಳಿಸ್ಯಾನಂತ ಸುಳ್ಳೂ ಹೇಳೀನಿ."

"ಅಯ್ಯೋ, ಹಾಗಂದ್ರೆ ಜೋಳ ತಗೊಂಡಿದ್ದು, ಮನೇಲಿ ಎಲ್ಲರೂ ಊಟ ಮಾಡಿದ್ದು ನಿಜ ಅಂತಾಯ್ತಲ್ಲ? ಸ್ಟ್ರೈಕಲ್ಲಿದ್ದ ಬೇರೆ ಮನೆಯವ್ರು ಒಪ್ಪಲ್ಲ ಆಂಟಿ. ಆಗ ಅಲ್ಲಿದ್ದೋರು ಯಾರಾದ್ರೂ ಕನ್ಫರ್ಮ್ ಮಾಡ್ತಾರಾ?"

"ಇದ್ದೋರೆಲ್ಲ ಸತ್ತಾರ. ನೀ ಹೋಗಿ ಕೇಳ್ಕೊಂಡು ಬಾ."

ಸುಮಾ ನನ್ನ ಸೆರಗು ಜಗ್ಗಿದಳು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಬೈದಳು, "ಅವ್ರು ಹೇಳಿದ್ ಹಾಗೆ ಹ್ಞೂಂ ಅಂದಿದ್ರೆ ಹೆಸರು ಬರ್ತಿತ್ತಲ್ಲಮ್ಮ!" ಬರುತ್ತಿತ್ತು. ಆದರೆ ನಮ್ಮಪ್ಪ ಒಬ್ಬ ಪೆದ್ದಿಯ ತಪ್ಪಿಗೆ ಸುಮ್ಮನಿದ್ದವನಲ್ಲ, ಹಸಿದವಳ ಕಳ್ಳತನವನ್ನು ತನ್ನ ಮೈಮೇಲೆ ಹೊತ್ತುಕೊಂಡವನು. ಎರಡೂ ಒಂದೇ ಅಲ್ಲ. ಇದನ್ನು ಹೇಗೆ ತಿಳಿಸಬೇಕೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಎಷ್ಟು ಸಲ ಫೋನು ಮಾಡಿ ಹೇಳಲು ಹೋದರೂ "ನೋಡೋಣ ಆಂಟಿ" ಎನ್ನುವುದರಲ್ಲೇ ಮಾತು ಮುಗಿಯುತ್ತಿತ್ತು.

ನಾವು ವಿಂಡಮ್ ವೇಲ್‌ನಲ್ಲಿ ಮಾರ್ಟ್‌ಗೇಜಿನ ಹೊಸ ಮನೆಗೆ ಬಂದ ಮೇಲೆ ಪುಸ್ತಕ ಅಂಚೆಯಲ್ಲಿ ಬಂತು. ನುಣುಪು ಕಾಗದ. ಬೆರಳಿಟ್ಟು ಒಂದೊಂದೇ ಹೆಸರು ಓದಿದೆ, ಅಪ್ಪನದು ಇಲ್ಲ. ನಡುವೆ ಒಂದು ಫೋಟೋ, ಗೇಟಿನ ಮುಂದೆ ಕೂತ ಜನ. ಪಕ್ಕದಲ್ಲಿ ಕರಿಹಲಗೆ, ಅದರ ಮೇಲೆ ಒರೆಸಿಯೂ ಅಳಿಯದ ಸುಣ್ಣದ ಗುರುತು. ಎಲ್ಲರೂ ತೊಡೆಗೆ ತೊಡೆ ತಾಗಿಸಿ ಕೂತಿದ್ದಾರೆ. ಕೊನೆಯಲ್ಲಿ ಒಂದಾಳಿನಷ್ಟು ಜಾಗ ಬಿಟ್ಟು ಒಬ್ಬ, ತಲೆಗೆ ವಲ್ಲಿ ಸುತ್ತಿದವನು. ನಂಬರು ಹಲಗೆಗೆ ಏರಿದ ಮೇಲೂ, ಯಾರೂ ಪಕ್ಕದಲ್ಲಿ ಕೂರದಿದ್ದರೂ, ಅಪ್ಪ ಕಡೆಯ ದಿನದವರೆಗೆ ಹೋಗಿ ಕೂತಿದ್ದ. ಪ್ರಕಾಶನಿಗೆ ಫೋನು ಮಾಡಿ ಹೇಳಿದೆ. "ಆ ಎಡ್ಜಲ್ಲಿ ಇರೋರಾ? ಮುಖ ಕ್ಲಿಯರ್ ಇಲ್ಲ ಆಂಟಿ. ಪ್ರಿಂಟ್ ಬೇರೆ ಆಗೋಯ್ತು," ಎಂದ.

ನನಗೆ ಮುಖ ಬೇಕಿಲ್ಲ. ಆ ಖಾಲಿ ಜಾಗ ನನಗೆ ಗೊತ್ತು. ಅಂಥ ಒಂದು ಮಧ್ಯಾಹ್ನ ಅವ್ವ ನನ್ನ ಕೈಯಲ್ಲಿ ಅಪ್ಪನಿಗೆ ನೀರು ಕಳಿಸಿದ್ದಳು. ಸುಡು ಬಿಸಿಲು. ಅಪ್ಪ ತಂಬಿಗೆ ಎತ್ತಿ ಗಟಗಟ ಕುಡಿದ, ಮೀಸೆ ಒರೆಸಿಕೊಂಡ. ಆಮೇಲೆ ಪಕ್ಕದ ನೆಲದ ಮೇಲಿನ ಹರಳುಗಳನ್ನು ಅಂಗೈಯಿಂದ ಸರಿಸಿ, "ಕುಂಡ್ರು ಬಾ," ಎಂದ. ಎಲ್ಲರೂ ನೋಡುತ್ತಿದ್ದರು. ನಾನು ಕೂರಲಿಲ್ಲ. ತಂಬಿಗೆ ಕಸಿದುಕೊಂಡು ಮನೆಗೆ ಓಡಿದೆ.